ಮ್ಯೂಟ್ ಒತ್ತಿದ ಮೇಲೆ

ಒಂಬತ್ತನೆಯ ಕಂತು

ಮೂರನೆಯ ಏಟಿಗೂ ಅಪ್ಪಾಸಾಹೇಬ ಬಾಯಿ ಬಿಡಲಿಲ್ಲ.

ಲಾಠಿ ಬಿದ್ದದ್ದು ಅಂಗಾಲಿಗೆ. ಕಾಲ್ಬೆರಳುಗಳು ಒಮ್ಮೆ ಅಗಲಿ ಮತ್ತೆ ಮುದುಡಿಕೊಂಡವು. ಹಲ್ಲುಗಳ ನಡುವೆ ಕಚ್ಚಿಕೊಂಡಿದ್ದ ಟವೆಲ್ಲಿನ ತುದಿ ಕೆಂಪಾಗಿತ್ತು. ಗೋಡೆಗೆ ಒರಗಿ ನಿಂತಿದ್ದ ನಾನು ಆ ಕೆಂಪನ್ನೇ ನೋಡುತ್ತಿದ್ದೆ. ತಡೆಯಬಹುದಿತ್ತು. ತಡೆಯಲಿಲ್ಲ.

"ಬಾಯ್ ಬಿಡ್ತೀಯಾ, ಇಲ್ಲ ಇಂಗೇ ಸಾಯ್ತೀಯಾ?" ಇನ್‌ಸ್ಪೆಕ್ಟರ್ ಮುನಿಆಂಜಿನಪ್ಪ ಲಾಠಿಯನ್ನು ಇನ್ನೊಂದು ಕೈಗೆ ತೆಗೆದುಕೊಂಡರು. "ಆ ಉಡುಗಿ ತಲೆ ಒಡೆದಾಗ ಇದ್ದ ಪೌರುಷ ಈಗ ಎಲ್ಲೋಯ್ತು?"

ನಿನ್ನೆ, ಮಂಗಳವಾರ ಮಧ್ಯಾಹ್ನ, ಅಬ್ಬಿಗೆರೆಯ ಶ್ವೇತಗಂಗಾ ನರ್ಸಿಂಗ್ ಕಾಲೇಜಿನ ಲ್ಯಾಬಿನಲ್ಲಿ ಅಡ್ಮಿಷನ್ ಆಫೀಸಿನ ದಾಕ್ಷಾಯಣಿ ಕೊಲೆಯಾಗಿದ್ದಳು. ಒಡೆದ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವನು ಬೈಲಹೊಂಗಲದ ಟೇಲರ್ ಅಪ್ಪಾಸಾಹೇಬ.

ಎರಡು ವರ್ಷದ ಹಿಂದೆ ಅವನ ಮಗಳು ಶಿಲ್ಪಳನ್ನು ಆ ಕಾಲೇಜಿಗೆ ಕರೆತಂದದ್ದು ದಾಕ್ಷಾಯಣಿಯ ಒಂದು ಫೋನು. ಸ್ವಂತ ಆಸ್ಪತ್ರೆ ಇದೆ ಎಂದಿದ್ದಳು, ಮಾನ್ಯತೆ ಬಂದಿದೆ ಎಂದಿದ್ದಳು. ಎರಡೂ ಇರಲಿಲ್ಲ. ಮಗಳು ಒಂದು ಪರೀಕ್ಷೆಗೂ ಕೂರಲಿಲ್ಲ. ಬಿಟ್ಟು ಹೋಗೋಣವೆಂದರೆ ಅವಳ ಅಸಲು ಮಾರ್ಕ್ಸ್ ಕಾರ್ಡ್ ಕಾಲೇಜಿನ ಕಪಾಟಿನಲ್ಲಿ. ಕೊಲ್ಲಲು ಕಾರಣ ಬೇಕೆನ್ನುವವರಿಗೆ ಇಷ್ಟು ಸಾಕು.

ಹೆಡ್ ಕಾನ್‌ಸ್ಟೆಬಲ್ ಚನ್ನಪ್ಪ ಬಗ್ಗಿ, ಅವನ ಬಾಯಿಂದ ಟವೆಲ್ ಬಿಡಿಸಿದ. ಚನ್ನಪ್ಪನೂ ಆ ಕಡೆಯವನೇ, ಸವದತ್ತಿ. ನೀರಿನ ಲೋಟವನ್ನು ತುಟಿಗೆ ಹಿಡಿದು ಮೆತ್ತಗೆ ಕೇಳಿದ.

"ಹೇಳಿಬಿಡ್ರಿ ಕಾಕಾ. ಆ ಹನ್ನೊಂದು ಹುಡುಗ್ಯಾರ ಮಾರ್ಕ್ಸ್ ಕಾರ್ಡ್ ಎಲ್ಲಿ ಇಟ್ಟೀರಿ? ಅಷ್ಟ ಹೇಳಿದ್ರ ಸಾಹೇಬ್ರು ಕೈ ಬಿಡ್ತಾರ."

ಅಪ್ಪಾಸಾಹೇಬ ಚನ್ನಪ್ಪನ ಮುಖ ನೋಡಿದ. ಅಷ್ಟು ಹೊತ್ತು ಲಾಠಿಯನ್ನೂ ಹಾಗೆ ನೋಡಿರಲಿಲ್ಲ. ಬಾಯಲ್ಲಿದ್ದ ನೀರನ್ನು ಪಕ್ಕಕ್ಕೆ ಉಗುಳಿದ.

"ನಾಲ್ಕು ಗಂಟೆಗೆ ಇವನನ್ನ ಜಡ್ಜ್ ಮುಂದೆ ನಿಲ್ಲಿಸ್ಬೇಕು," ಮುನಿಆಂಜಿನಪ್ಪ ನನ್ನತ್ತ ತಿರುಗಿದರು. "ಅಷ್ಟ್ರೊಳಗೆ ಹೇಳಿಕೆಗೆ ಸೈನ್ ಬೀಳ್ಬೇಕು. ನೀನ್ಯಾಕಮ್ಮ ನಂದಿತಾ ಗೋಡೆಗೆ ಇನ್ನೊಂದು ಗೋಡೆ ಥರ ನಿಂತಿದ್ದೀಯ?"

"ಇವನು ಯಾಕೆ ಸುಮ್ನಿದ್ದಾನೆ ಅಂತ ಯೋಚಿಸ್ತಿದ್ದೆ ಸಾರ್."

"ಕೊಲೆ ಮಾಡ್ದೋನು ಇನ್ನೇನು, ಭಾಷಣ ಮಾಡ್ತಾನಾ?"

ಸಬ್ ಇನ್‌ಸ್ಪೆಕ್ಟರ್ ಆಗಿ ಆರು ವರ್ಷದಲ್ಲಿ ಬಗೆಬಗೆಯ ಮೌನ ನೋಡಿದ್ದೇನೆ. ತಪ್ಪು ಮಾಡಿದವನ ಮೌನ ಬಾಗಿಲು ಹುಡುಕುತ್ತಿರುತ್ತದೆ. ಇವನದು ಬಾಗಿಲಿಗೆ ಬೆನ್ನು ಕೊಟ್ಟು ಕೂತಿತ್ತು. ಒಳಗೆ ಯಾರೋ ಇದ್ದಾರೆ ಎನ್ನುವ ಹಾಗೆ.

*

ಕಾಲೇಜಿನವರು ಕೊಟ್ಟ ಪೆನ್‌ಡ್ರೈವಿನಲ್ಲಿ ದಾಕ್ಷಾಯಣಿಯ ಎರಡು ಫೋನ್ ಕರೆಗಳಿದ್ದವು. ಠಾಣೆಯ ಕಂಪ್ಯೂಟರಿಗೆ ಸಿಕ್ಕಿಸಿ ಮೂವರೂ ಕೇಳಿದೆವು.

ಮೊದಲನೆಯದು ಹೋದ ಶುಕ್ರವಾರದ್ದು. ಅಪ್ಪಾಸಾಹೇಬನ ದನಿ: "ನಿನ್ನ ನಾಲಿಗಿ ಕಿತ್ತ ಒಗಿತೀನಿ ನೋಡ. ನನ್ನ ಮಗಳ ಎರಡು ವರ್ಷ ತಿಂದಿ ನೀ." ಆಮೇಲೆ ಉದ್ದನೆಯ ಮೌನ. ಕರೆ ಕಟ್ಟಾಯಿತು.

"ಇನ್ನೇನ್ ಬೇಕು?" ಎಂದರು ಮುನಿಆಂಜಿನಪ್ಪ.

ಎರಡನೆಯದು ನಿನ್ನೆ ಮಧ್ಯಾಹ್ನ ಒಂದು ಹತ್ತರದ್ದು, ಅವಳ ಕೊನೆಯ ಕರೆ. ಆ ತುದಿಯಲ್ಲಿ ರಾಣೆಬೆನ್ನೂರಿನ ರತ್ನವ್ವ ಎಂಬ ತಾಯಿ.

"ಅಲ್ಲವ್ವಾ, ನಿಮ್ಮ ಕಾಲೇಜಿಗೆ ಸ್ವಂತ ದವಾಖಾನಿ ಐತೇನು? ನಮ್ಮ ಹುಡುಗಿ ಅದನ್ನ ಕೇಳು ಅಂತಾಳ."

"ನೂರು ಹಾಸಿಗಿ ದವಾಖಾನಿ ಐತ್ರೀ," ದಾಕ್ಷಾಯಣಿಯ ದನಿ ಗಟ್ಟಿಯಾಗಿ, ಸ್ಪಷ್ಟವಾಗಿ ಬಂತು. "ಕಾಲೇಜಿನ ಎದುರಿಗೇ ಐತಿ."

"ಹಲೋ? ಹಲೋ? ಕೇಳಸವಲ್ದಲ್ಲವ್ವಾ."

"ಮಾನ್ಯತಾ ಎಲ್ಲಾ ಬಂದೈತ್ರೀ. ಕೋರ್ಸ್ ಮುಗದ ಕೂಡ್ಲೇ ನೌಕರಿ."

"ಹಲೋ? ಅಯ್ಯ, ಲೈನ್ ಹೋತೇನು?"

ಮತ್ತೆ ಮೌನ. ಏನೋ ನೆಲಕ್ಕೆ ಬಿದ್ದ ಸದ್ದು. ಅಷ್ಟೇ.

"ಅಳ್ಳಿ ಫೋನು. ಸಿಗ್ನಲ್ ಇಲ್ಲ," ಎಂದರು ಇನ್‌ಸ್ಪೆಕ್ಟರ್.

"ಎಷ್ಟ ಚಂದ ಸುಳ್ಳು ಹೇಳ್ತಿದ್ಲು ನೋಡ್ರಿ ಮೇಡಂ," ಚನ್ನಪ್ಪ ತಲೆಯಾಡಿಸಿದ. "ಸತ್ತಾಕಿ ಬಗ್ಗೆ ಹಂಗ ಅನ್ನಬಾರದು, ಆದ್ರೂ."

ನನಗೆ ರತ್ನವ್ವನ ಹಲೋ ಕಿವಿಯಲ್ಲಿ ಉಳಿಯಿತು. ಸಿಗ್ನಲ್ ಇಲ್ಲದ ಫೋನಿನಿಂದ ಅವಳ ದನಿ ಅಷ್ಟು ಚೆನ್ನಾಗಿ ಬರುವುದು ಹೇಗೆ?

"ಚನ್ನಪ್ಪನವ್ರೇ, ನೀವು ಬಾಗಲಗುಂಟೆಗೆ ಹೋಗಿ. ಅಲ್ಲಿ ಕಾಲೇಜಿನ ಹಾಸ್ಟೆಲ್‌ನಲ್ಲಿ ಶಿಲ್ಪ ಇದ್ದಾಳೆ. ಹುಡುಗಿ ಹೆದರಿರ್ತಾಳೆ. ನಿಮ್ಮ ಕಡೆ ಮಾತು ಕೇಳಿದ್ರೆ ಸ್ವಲ್ಪ ಧೈರ್ಯ ಬರುತ್ತೆ. ಅವಳಿಗೆ ಏನು ಗೊತ್ತೋ ಬರ್ಕೊಂಡು ಬನ್ನಿ."

"ಆತ್ರಿ ಮೇಡಂ," ಎಂದು ಟೋಪಿ ತೆಗೆದುಕೊಂಡು ಹೊರಟ.

*

ಅಬ್ಬಿಗೆರೆಯಲ್ಲಿ ಕಾಲೇಜಿನ ಗೇಟಿಗೆ ಹಾಕಿದ್ದ ಬೀಗವನ್ನು ತೆಗೆಸಿದೆ. ಗೇಟಿನ ಮೇಲಿನ ಬ್ಯಾನರಿನಲ್ಲಿ ಬಿಳಿ ಕೋಟಿನ ಹುಡುಗಿಯರು ನಗುತ್ತಿದ್ದರು.

ಲ್ಯಾಬಿನಲ್ಲಿ ನಾಲ್ಕು ಮಂಚ. ಒಂದರ ಮೇಲೆ ಪ್ಲಾಸ್ಟಿಕ್ ಬೊಂಬೆ ಕಣ್ಣು ತೆರೆದು ಮಲಗಿತ್ತು. ಕಾಲೇಜಿನ ಪುಸ್ತಿಕೆಯಲ್ಲಿ ಈ ನಾಲ್ಕನ್ನೇ ಬೇರೆ ಬೇರೆ ಕಡೆಯಿಂದ ಫೋಟೋ ತೆಗೆದು ಒಂದು ಆಸ್ಪತ್ರೆ ಮಾಡಿದ್ದರು. ಮೂರನೆಯ ಮಂಚದ ಕೆಳಗೆ ರಕ್ತ ಒಣಗಿ ಕಪ್ಪಾಗಿತ್ತು. ಅವಳನ್ನು ಹೊಡೆದದ್ದು ಸಲೈನ್ ಬಾಟಲಿ ನೇತುಹಾಕುವ ಕಬ್ಬಿಣದ ಸ್ಟ್ಯಾಂಡಿನಿಂದ. ನಾಲ್ಕು ಸಲ. ಎರಡನೆಯದಕ್ಕೇ ಪ್ರಾಣ ಹೋಗಿತ್ತು ಎಂದು ಡಾಕ್ಟರು ಬರೆದಿದ್ದರು. ಉಳಿದ ಎರಡು ಯಾರಿಗಾಗಿ ಎಂದು ಬರೆದಿರಲಿಲ್ಲ.

ಪಕ್ಕದ್ದು ಫೋನ್ ಮಾಡುವ ಕೋಣೆ. ಹದಿನಾಲ್ಕು ಕುರ್ಚಿ, ಹದಿನಾಲ್ಕು ಹೆಡ್‌ಫೋನು. ಗೋಡೆಯ ಮೇಲೊಂದು ದೊಡ್ಡ ಪರದೆ. ಯಾವ ಫೋನು ಯಾರ ಜೊತೆ ಮಾತಾಡುತ್ತಿದೆ ಎಂದು ತೋರಿಸುವಂಥದ್ದು. ಮಾತಾಡುತ್ತಿದ್ದರೆ ಹಸಿರು, ಮ್ಯೂಟ್ ಒತ್ತಿದರೆ ಹಳದಿ. ಇವತ್ತು ಎಲ್ಲವೂ ಕಪ್ಪು. ಕೊನೆಯ ಸಾಲಿನಲ್ಲಿ 'ಹಾಸ್ಟೆಲ್' ಎಂದಿತ್ತು. ಬಾಗಲಗುಂಟೆಯ ಫೋನೂ ಇದೇ ಯಂತ್ರಕ್ಕೆ ಸೇರಿತ್ತು.

ಬಿಳಿ ಹಲಗೆಯ ಮೇಲೆ ಯಾರು ಎಷ್ಟು ಅಡ್ಮಿಷನ್ ತಂದರು ಎಂಬ ಲೆಕ್ಕ. ಹೋದ ವರ್ಷದ ಪಟ್ಟಿಯಲ್ಲಿ ದಾಕ್ಷಾಯಣಿಯದೇ ಮೊದಲ ಹೆಸರು. ಈ ವರ್ಷ ಅವಳ ಮುಂದೆ ಒಂದು ಗೀಟೂ ಇರಲಿಲ್ಲ. ಎರಡು ತಿಂಗಳಿಂದ ಒಬ್ಬ ಹುಡುಗಿಯೂ ಬಂದಿರಲಿಲ್ಲ.

ಅಷ್ಟು ಚಂದ ಸುಳ್ಳು ಹೇಳುವವಳಿಗೆ ಒಬ್ಬರೂ ಬೀಳಲಿಲ್ಲವೇ?

ಅವಳ ಮೇಜಿಗೆ ಒಂದು ಕಾಗದ ಅಂಟಿಸಿದ್ದರು. 'ಆಸ್ಪತ್ರೆ ಕೇಳಿದರೆ: ನೂರು ಹಾಸಿಗೆ, ಸ್ವಂತದ್ದು. ಮಾನ್ಯತೆ ಕೇಳಿದರೆ: ಬಂದಿದೆ. ತಡವರಿಸುವ ಹಾಗಾದರೆ ಮ್ಯೂಟ್ ಒತ್ತಿ, ಐದು ಎಣಿಸಿ, ಆಮೇಲೆ ಹೇಳಿ.'

ಹೆಡ್‌ಫೋನಿನ ವೈರಿನಲ್ಲಿ ಒಂದು ಸಣ್ಣ ಗುಂಡಿ. ಉಳಿದವರ ಗುಂಡಿಗಳು ಹೊಸದರಂತಿದ್ದವು. ದಾಕ್ಷಾಯಣಿಯದು ಸವೆದು ನುಣುಪಾಗಿತ್ತು.

ನಾನು ಅವಳ ಕುರ್ಚಿಯಲ್ಲಿ ಕೂತೆ. ಅವಳ ಫೋನಿನಿಂದ ನನ್ನ ಮೊಬೈಲಿಗೆ ಕರೆ ಮಾಡಿ ಎತ್ತಿಕೊಂಡೆ. ಗುಂಡಿ ಒತ್ತಿದೆ. "ಒಂದು, ಎರಡು, ಮೂರು," ಎಂದೆ. ಮೊಬೈಲಿನಲ್ಲಿ ಏನೂ ಕೇಳಲಿಲ್ಲ. ಕರೆ ಮುಗಿಸಿ ಕಂಪ್ಯೂಟರಿನಲ್ಲಿ ಉಳಿದ ದಾಖಲೆಯನ್ನು ತೆರೆದೆ.

"ಒಂದು, ಎರಡು, ಮೂರು," ಎಂದಿತು ನನ್ನದೇ ದನಿ.

ಮ್ಯೂಟ್ ಒತ್ತಿದರೆ ಆ ತುದಿಯವರಿಗೆ ಕೇಳುವುದಿಲ್ಲ. ಯಂತ್ರಕ್ಕೆ ಕೇಳುತ್ತದೆ. ಈ ಕೋಣೆಯ ಯಾರಿಗೂ ಇದು ಗೊತ್ತಿರಲಿಲ್ಲ.

ರತ್ನವ್ವನ ಕರೆಯನ್ನು ಮತ್ತೆ ಹಾಕಿದೆ, ಈ ಸಲ ಹೆಡ್‌ಫೋನಿನಲ್ಲಿ. ನೂರು ಹಾಸಿಗೆ, ಮಾನ್ಯತೆ, ನೌಕರಿ. ಹಲೋ, ಹಲೋ. ರತ್ನವ್ವನಿಗೆ ಆ ಸುಳ್ಳುಗಳಲ್ಲಿ ಒಂದೂ ತಲುಪಿರಲಿಲ್ಲ. ಅವು ಈ ಕೋಣೆಗೆ ಹೇಳಿದ ಸುಳ್ಳುಗಳು, ಬೆನ್ನ ಹಿಂದೆ ಓಡಾಡುವವನ ಕಿವಿಗಾಗಿ. ಅವಳು ಮೊದಲು ಮ್ಯೂಟ್ ಒತ್ತಿ, ಆಮೇಲೆ ಗಟ್ಟಿಯಾಗಿ ಹೇಳಿದ್ದಳು.

ಠಾಣೆಯಲ್ಲಿ ಮೌನ ಎಂದುಕೊಂಡಿದ್ದ ಜಾಗ ಬಂತು. ವಾಲ್ಯೂಮನ್ನು ಪೂರ್ತಿ ಏರಿಸಿದೆ.

"ಅವ್ವಾ," ಮ್ಯೂಟ್ ತೆಗೆದು ಆಡಿದ, ಉಸಿರಿಗಿಂತ ಸ್ವಲ್ಪವೇ ದೊಡ್ಡ ದನಿ. "ದವಾಖಾನಿ ಇಲ್ಲ. ನಾಕು ಕಾಟು ಅದಾವ, ಅಷ್ಟ. ಮಾನ್ಯತಾನೂ ಬಂದಿಲ್ಲ. ಹುಡುಗೀನ ಕಳಸಬ್ಯಾಡ್ರಿ. ಮಾರ್ಕ್ಸ್ ಕಾರ್ಡ್ ಅಂತೂ ಯಾರ ಕೈಯಾಗೂ ಕೊಡಬ್ಯಾಡ್ರಿ."

ರತ್ನವ್ವ ಉಸಿರೆಳೆದುಕೊಂಡದ್ದು ಮಾತ್ರ ಕೇಳಿತು.

ಆಮೇಲೆ ದೂರದಿಂದ ಗಂಡಸಿನ ದನಿ: "ಯಾರ ಹತ್ರ ಪಿಸಪಿಸ ಅಂತಿದ್ದೀಯ ದಾಕ್ಷಾಯಣಿ?" ಕೆನ್ನೆಗೆ ಬಿದ್ದ ಏಟು. ಹೆಡ್‌ಫೋನು ನೆಲಕ್ಕೆ ಬಿತ್ತು.

ಎರಡು ತಿಂಗಳಿಂದ ಅವಳು ಹೀಗೆ ಒಬ್ಬೊಬ್ಬರನ್ನೇ ವಾಪಸು ಕಳಿಸುತ್ತಿದ್ದಳು. ಇಲ್ಲಿ ಕೂತು ಸುಳ್ಳು ಹೇಳಿದ್ದಕ್ಕೆ ಇಲ್ಲೇ ಕೂತು ಪ್ರಾಯಶ್ಚಿತ್ತ.

ಅಪ್ಪಾಸಾಹೇಬನ ಶುಕ್ರವಾರದ ಕರೆ ತೆರೆದೆ. ಬೈಗುಳದ ನಂತರದ ಮೌನದಲ್ಲಿ ಅದೇ ಪಿಸುದನಿ.

"ಬೈಯ್ರಿ ಕಾಕಾ, ಬೈಸ್ಕೊಳ್ಳೋ ಕೆಲಸಾನ ಮಾಡೀನಿ. ಈಗ ಕೇಳ್ರಿ. ಹನ್ನೊಂದು ಹುಡುಗ್ಯಾರ ಮಾರ್ಕ್ಸ್ ಕಾರ್ಡ್ ಕಪಾಟಿನಿಂದ ತಗದೀನಿ. ಅವನ್ನ ಶಿಲ್ಪಾಳ ಕೌದ್ಯಾಗ ಇಟ್ಟು ಹೊಲದೀವಿ. ಮಂಗಳವಾರ ಮಧ್ಯಾಹ್ನ ಬರ್ರಿ, ಮೊದಲ ನನ್ನ ಕಾಣ್ರಿ. ಕೌದಿ ತಗೊಂಡ ಊರಿಗೆ ಹೋಗ್ರಿ. ಜೀವ ಹೋದ್ರೂ ಯಾರ ಮುಂದೂ ಅನ್ನಬ್ಯಾಡ್ರಿ. ಪೊಲೀಸರ ಕೈಗೆ ಸಿಕ್ರ ಕಾಲೇಜಿಗೇ ವಾಪಸ್ ಹೋಗ್ತಾವ."

ಹೆಡ್‌ಫೋನ್ ಕಿವಿಯಲ್ಲೇ ಇತ್ತು. ನನಗೆ ಆ ಅಂಗಾಲು ನೆನಪಾಯಿತು, ಅಗಲಿ ಮುದುಡಿದ ಬೆರಳುಗಳು. ಅವನು ತನ್ನ ಮಗಳ ಹೊದಿಕೆಯನ್ನು, ಆ ಕೌದಿಯನ್ನು, ಕಾಯುತ್ತಿದ್ದ. ನಾನು ಗೋಡೆಯಂತೆ ನಿಂತಿದ್ದೆ.

"ಕೇಳಿ ಮುಗೀತಾ ಮೇಡಂ?"

ಹಿಂದಿನಿಂದ ಬಂದ ದನಿ. ಅಡ್ಮಿಷನ್ ಮ್ಯಾನೇಜರ್ ಪುನೀತ್. ಇಸ್ತ್ರಿ ಮಾಡಿದ ಅಂಗಿ, ಕತ್ತಿನಲ್ಲಿ ಐಡಿ ಕಾರ್ಡ್. ಈಗಷ್ಟೇ ದೂರದಿಂದ ಕೇಳಿದ ಗಂಡಸಿನ ದನಿಯೂ ಇವನದೇ.

*

"ಕೂತ್ಕೊಳ್ಳಿ ಪುನೀತ್."

"ಪರವಾಗಿಲ್ಲ." ಅವನು ನನ್ನ ಬೆನ್ನ ಹಿಂದೆಯೇ ನಿಂತ. ಅದು ಅವನು ದಿನವೂ ನಿಲ್ಲುವ ಜಾಗ ಇರಬೇಕು.

"ಅವಳನ್ನ ಹೊಡೆದ್ರಿ."

"ಏನ್ ಮೇಡಂ, ಸಾಕ್ಷಿ ಇದ್ಯಾ?"

"ಇದೆ. ನಿಮ್ಮ ಯಂತ್ರದಲ್ಲೇ."

ಅವನು ನಕ್ಕ. "ನೋಡಿ, ಇದು ಮಾರ್ಕೆಟಿಂಗು. ಎಲ್ಲಾ ಕಾಲೇಜಲ್ಲೂ ಸ್ವಲ್ಪ ಜಾಸ್ತಿ ಹೇಳ್ತಾರೆ. ಇರೋದನ್ನ ಇದ್ದ ಹಾಗೆ ಹೇಳಿದ್ರೆ ಯಾರ್ ಬರ್ತಾರೆ?"

"ಯಾರೂ ಬರಲ್ಲ. ಅದನ್ನ ಅವಳು ಎರಡು ತಿಂಗಳಲ್ಲಿ ತೋರಿಸಿಕೊಟ್ಟಳು."

ನಗು ನಿಂತಿತು.

"ನಾಳೆ ಬೆಳಿಗ್ಗೆ ನಲವತ್ತು ಹುಡುಗೀರು ಬರ್ತಿದ್ದಾರೆ," ಎಂದ. ದನಿ ತಗ್ಗಿತ್ತು. "ಬಾಗಲಕೋಟೆ, ಗದಗ, ಹಾವೇರಿ. ಬಸ್ ಹತ್ತೋಕೆ ರೆಡಿಯಾಗಿದ್ದಾರೆ. ಆ ರೆಕಾರ್ಡಿಂಗ್ ಹೊರಗೆ ಹೋಗ್ಬಾರ್ದು ಮೇಡಂ."

"ಹೋಗುತ್ತೆ."

ಹೆಡ್‌ಫೋನಿನ ವೈರು ನನ್ನ ಕತ್ತಿಗೆ ಸುತ್ತಿಕೊಂಡಾಗ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಗಾಳಿ ನಿಂತಿತು. ಅವನು ಕುರ್ಚಿಯ ಬೆನ್ನಿಗೆ ಮೊಣಕಾಲು ಕೊಟ್ಟು ಎಳೆಯುತ್ತಿದ್ದ. ಅಷ್ಟು ತೆಳುವಾದ ವೈರು ಅಷ್ಟು ಆಳಕ್ಕೆ ಇಳಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಗೋಡೆಯ ಕಪ್ಪು ಪರದೆಯಲ್ಲಿ ನನ್ನ ಮುಖ ಕಂಡಿತು, ಅದರ ಮೇಲೆ ಅವನದು. ಏನನ್ನೋ ಎಣಿಸುತ್ತಿರುವಂತೆ ಅವನ ತುಟಿ ಅಲುಗುತ್ತಿತ್ತು.

ಕಾಲನ್ನು ಮೇಜಿಗೆ ಕೊಟ್ಟು ಹಿಂದಕ್ಕೆ ಒದ್ದೆ. ಕುರ್ಚಿ ಅವನ ಸಮೇತ ಬಿತ್ತು. ಅವನ ಕೈ ನನ್ನ ಬಾಯಿಗೆ ಸಿಕ್ಕಿತು. ಕಚ್ಚಿದೆ, ಹಲ್ಲಿಗೆ ಮೂಳೆ ತಾಗುವವರೆಗೆ. ಅವನು ಕಿರುಚಿದ. ತಿರುಗಿ ಮೊಣಕೈಯಿಂದ ಮೂಗಿಗೆ ಹೊಡೆದೆ. ಹಸಿ ಕಡ್ಡಿ ಮುರಿದಂತೆ ಸದ್ದಾಯಿತು. ಇನ್ನೊಮ್ಮೆ ಹೊಡೆದೆ. ಎರಡನೆಯದರ ಅಗತ್ಯ ಇರಲಿಲ್ಲ.

ಅವನ ಕೈಯನ್ನು ಮೇಜಿನ ಕಾಲಿಗೆ ಸೇರಿಸಿ ಕೋಳ ಹಾಕಿದೆ. ಕೆಮ್ಮು ನಿಲ್ಲಲು ಹೊತ್ತು ಹಿಡಿಯಿತು. ಗಡಿಯಾರದಲ್ಲಿ ಮೂರು ಹತ್ತು.

"ಕೊಲೆ ನಾನು ಮಾಡಿಲ್ಲ," ರಕ್ತ ಉಗುಳುತ್ತ ಅಂದ. "ದೇವರಾಣೆ. ಒಂದೇಟು ಹೊಡೆದೆ. ಲ್ಯಾಬಲ್ಲಿ ಕೂಡಿ ಹಾಕ್ದೆ. ಅವಳಿಗೆ ನಾನು ಬುದ್ಧಿ ಹೇಳ್ತೀನಿ ಅಂತ ಒಬ್ರು ಬಂದ್ರು. ಕೀ ಕೊಟ್ಟು ಊಟಕ್ಕೆ ಹೋದೆ."

"ಯಾರು?"

ಅವನ ಕಣ್ಣು ನನ್ನ ಮುಖದಿಂದ ಇಳಿದು, ಖಾಕಿ ಅಂಗಿಯ ಹೆಗಲ ಪಟ್ಟಿಯ ಮೇಲೆ ನಿಂತಿತು.

"ಸರಿ. ಮಾರ್ಕ್ಸ್ ಕಾರ್ಡಿನ ವಿಷಯಾನಾದ್ರೂ ಹೇಳಿ. ಹನ್ನೊಂದು ಕಳೆದಿದೆ ಅಂತ ದೂರು ಕೊಟ್ಟಿದ್ದು ನೀವೇ ತಾನೆ?"

"ಕಳೆದಿದ್ಯಾ?" ಅವನು ನಿಜಕ್ಕೂ ಬೆಚ್ಚಿದ. "ನಾವ್ಯಾಕೆ ದೂರು ಕೊಡ್ತೀವಿ? ನಿನ್ನೆಯಿಂದ ಕಪಾಟಿಗೆ ನಿಮ್ಮೋರೇ ಸೀಲ್ ಹಾಕಿದ್ದಾರೆ. ನಾನಿನ್ನೂ ತೆಗೆದೇ ನೋಡಿಲ್ಲ."

ಕತ್ತಿನ ಉರಿ ಮರೆತುಹೋಯಿತು.

ಹನ್ನೊಂದು ಎಂಬುದು ಎಲ್ಲಿಂದ ಬಂತೆಂದು ನನಗೆ ಗೊತ್ತಾದದ್ದು ಸ್ವಲ್ಪ ಹೊತ್ತಿನ ಹಿಂದೆ, ಸತ್ತವಳ ಪಿಸುದನಿಯಲ್ಲಿ. ಅದು ಅವಳಿಗೆ, ಅಪ್ಪಾಸಾಹೇಬನಿಗೆ, ಶಿಲ್ಪಳಿಗೆ ಮಾತ್ರ ಗೊತ್ತಿದ್ದ ಮಾತು. ಇಲ್ಲ, ಇನ್ನೊಬ್ಬರಿಗೂ. ಸಾಯುವ ಮುಂಚೆ ಲ್ಯಾಬಿನಲ್ಲಿ ಅವಳ ಬಾಯಿಂದ 'ಹನ್ನೊಂದು' ಎಂಬಷ್ಟನ್ನು ಹೊರಡಿಸಿ, 'ಎಲ್ಲಿ' ಎಂಬುದನ್ನು ಹೊರಡಿಸಲಾಗದೆ ಹೋದವನಿಗೆ.

ಆದರೆ ಇವತ್ತು ಬೆಳಿಗ್ಗೆ, ನಾನು ಇಲ್ಲಿಗೆ ಬರುವ ಮೊದಲೇ, ಒಬ್ಬ ನೀರಿನ ಲೋಟ ಹಿಡಿದು ಆ ಸಂಖ್ಯೆಯನ್ನು ಮೆತ್ತಗೆ ಹೇಳಿದ್ದ.

ಅವನನ್ನು ನಾನೇ ಕಳಿಸಿದ್ದೆ.

ತಲೆಯೆತ್ತಿದೆ. ಗೋಡೆಯ ಪರದೆಯಲ್ಲಿ ಕೊನೆಯ ಸಾಲು ಹಸಿರಾಗಿತ್ತು. 'ಹಾಸ್ಟೆಲ್.' ಪಕ್ಕದಲ್ಲಿ ಕರೆ ಹೋದ ನಂಬರು, ನನಗೆ ಬಾಯಿಪಾಠ ಇದ್ದ ನಂಬರು: ಇನ್‌ಸ್ಪೆಕ್ಟರ್ ಮುನಿಆಂಜಿನಪ್ಪ ಅವರದು. ಶುರುವಾಗಿ ಆರು ನಿಮಿಷ.

ಚನ್ನಪ್ಪನ ಮೊಬೈಲಿಗೆ ಕರೆ ಮಾಡಿದೆ. ಸ್ವಿಚ್ ಆಫ್. ಇನ್‌ಸ್ಪೆಕ್ಟರರದು ಬ್ಯುಸಿ.

"ಇದನ್ನ ಕೇಳೋದು ಹೇಗೆ?" ಪುನೀತನ ಕೂದಲು ಹಿಡಿದೆ.

"ಆ ಸಾಲು ಒತ್ತಿ. ಬರೀ ಕೇಳ್ಬಹುದು. ನೀವು ಮಾತಾಡಿದ್ದು ಅವ್ರಿಗೆ ಕೇಳಲ್ಲ."

ಹೆಡ್‌ಫೋನಿನ ವೈರು ನನ್ನ ರಕ್ತದಿಂದ ಅಂಟಂಟಾಗಿತ್ತು. ಕಿವಿಗೆ ಹಾಕಿಕೊಂಡೆ.

"ಅಪ್ಪಾ," ಎಳೆಯ ದನಿ, ಕಾಗದ ನೋಡಿ ಓದುವವಳ ಹಾಗೆ. "ಸಹಿ ಮಾಡು. ನಾ ಇಲ್ಲಿ ಆರಾಮ ಅದೀನಿ. ನೀ ಸಹಿ ಮಾಡಿದ್ರ ನಂಗ ಯಾರೂ ಏನೂ ಮಾಡಂಗಿಲ್ಲ."

"ಕೇಳಿಸ್ತೇನಯ್ಯಾ? ಮಗಳೇ ಏಳ್ತಾವ್ಳೆ," ಮುನಿಆಂಜಿನಪ್ಪನವರ ದನಿ. "ಪೆನ್ ಇಡ್ಕೊಂಡವ್ನಮ್ಮ ನಿಮ್ಮಪ್ಪ. ಇನ್ನೊಂದ್ಸಲ ಏಳ್ಬಿಡು."

ಸಾಲು ಹಳದಿಯಾಯಿತು.

"ಅಲೋ? ಅಲೋ?" ಎಂದರು ಇನ್‌ಸ್ಪೆಕ್ಟರ್. "ಏಯ್, ಲೈನ್ ಓಯ್ತಾ?"

ಆ ಮೌನದ ಒಳಗೆ, ಹುಡುಗಿಯ ಬಿಕ್ಕಿನ ಪಕ್ಕದಲ್ಲೇ, ಬೆಳಿಗ್ಗೆ ಕೇಳಿದ್ದ ಅದೇ ಮೆತ್ತನೆಯ ದನಿ ಬಂತು.

"ಶಾಣ್ಯಾಕಿ. ಅಳಬ್ಯಾಡ. ಮ್ಯೂಟ್ ಮಾಡೀನಿ, ಯಾರಿಗೂ ಕೇಳಸಂಗಿಲ್ಲ. ಆ ಹನ್ನೊಂದು ಕಾರ್ಡ್ ಎಲ್ಲದಾವ, ಹೇಳಿಬಿಡು."

ಬಿಕ್ಕು ನಿಂತಿತು. ಹುಡುಗಿ ಅಪ್ಪನ ಹಾಗೆಯೇ ಸುಮ್ಮನಾದಳು. ಕಬ್ಬಿಣದ್ದೇನನ್ನೋ ನೆಲದ ಮೇಲೆ ಎಳೆದ ಸದ್ದು ಕೇಳಿತು.

"ಅಲ್ಲವ್ವಾ," ಎಂದ ಚನ್ನಪ್ಪ, "ಈ ಸೆಕಿಯಾಗ ಆ ಕೌದಿ ಯಾಕ ಅಷ್ಟ ಗಟ್ಟಿ ಹಿಡ್ಕೊಂಡ ಕುಂತೀ?"